ಮ್ಯಾನುವಲ್ ಹಬ್ ಆರ್ಡರ್: ಶುಕ್ರವಾರದೊಳಗ ತಿಳಸ್ರಿ

ಎಲ್ಲಾರಿಗೂ ನಮಸ್ಕಾರ್ರೀ. ಫೋರ್ ವ್ಹೀಲ್ ಗಾಡಿಗೆ ಮ್ಯಾನುವಲ್ ಲಾಕಿಂಗ್ ಹಬ್ (ಮುಂದಿನ ಗಾಲಿನ ಆಕ್ಸಲ್‌ಗೆ ಕೈಲೇ ಜೋಡಿಸೂ, ಬಿಡಿಸೂ ಭಾಗ) ಬೇಕಾದವರು ಶುಕ್ರವಾರ ಸಂಜಿ ಒಳಗ ಇಲ್ಲೇ ಗಾಡಿ ಮಾಡೆಲ್, ವರ್ಷ, ಸ್ಪ್ಲೈನ್ (ಆಕ್ಸಲ್ ತುದಿ ಹಲ್ಲು) ಎಣಿಕೆ ಬರೀರಿ. ಬರೇ ‘ಜಿಪ್ಸೀದು’ ಅಂದ್ರ ಸಾಲಂಗಿಲ್ಲ. ಈಗಿನ ಹಬ್ ಬಿಚ್ಚಿ ಆಕ್ಸಲ್ ತುದಿ ಹಲ್ಲು ಎಣಿಸಿ, ಬೋಲ್ಟ್ ಕಾಣೋಹಂಗ ಫೋಟೊ ಹಾಕ್ರಿ.

ಹಬ್ ಮ್ಯಾಲೆ ಫ್ರೀ-ಲಾಕ್ ಮಾಡೂ ಡಯಲ್ ಲೋಹದ್ದೇ ಇರಲಿ. ಖಾನಾಪುರ ತಾಲೂಕಿನ ಜಾಂಬೋಟಿ ಕಡೆ ಕಲ್ಲಿಗೆ ತಾಗಿದ್ರ ಪ್ಲಾಸ್ಟಿಕ್ ಒಡೀತೈತಿ, ಒಳಗ ನೀರು ಕೆಸರು ಹೊಕ್ಕು ಕ್ಲಚ್ ರಿಂಗ್ (ಸರಿದು ಹಬ್ಬನ್ನ ಆಕ್ಸಲ್‌ಗೆ ಹಿಡಿಸೂ ಹಲ್ಲಿನ ಬಳಿ) ಅರ್ಧಕ್ಕ ನಿಲ್ಲತೈತಿ. ಅರ್ಧಾ ಕೂತ ಹಲ್ಲು ಏರಿನ್ಯಾಗ ಮುರೀತಾವು. ಗ್ರೀಸ್ ತುಂಬಿ ತುಳುಕಿಸಿದ್ರೂ ಅದೇ ಕಥಿ, ರಿಂಗ್ ಸರಿಯೂದಿಲ್ಲ. ತೆಳ್ಳಗ ಸವರ್ರಿ ಸಾಕು. ಗ್ಯಾಸ್ಕೆಟ್, ಓ-ರಿಂಗ್ ಹೊಸಾವು. ಬೋಲ್ಟ್ ಎದುರುಬದುರು ಬಿಗೀರಿ, ಟಾರ್ಕ್ ಕಂಪನಿ ಪುಸ್ತಕದಾಗ ಇದ್ದಷ್ಟ. ಸಡಿಲ ಬಿಟ್ರ ಕತ್ತರಿಸಿ ಹೋಗತಾವು.

ಹಾಕಿದ ಮ್ಯಾಲೆ ಜಾಕ್ ಏರಿಸಿ ಗಾಲಿ ತಿರುಗಿಸಿ ನೋಡ್ರಿ: ಫ್ರೀ ಇದ್ರ ಆಕ್ಸಲ್ ತಿರುಗಬಾರದು, ಲಾಕ್ ಇದ್ರ ತಿರುಗಬೇಕು. ಎರಡೂ ಕಡೆ ಒಂದ ಸ್ಥಿತಿಯೊಳಗ ಇರಲಿ. ಡಯಲ್ ಕೈಲೇ ತಿರುಗಿಸ್ರಿ, ದಯವಿಟ್ಟು ಪಕ್ಕಡ ಹಚ್ಚಬ್ಯಾಡ್ರಿ. ಬ್ಯಾಡಾದವರು ‘ಬ್ಯಾಡ’ ಅಂತ ಒಂದು ಮಾತು ಹಾಕ್ರಿ, ಲೆಕ್ಕಾ ಹಿಡಿಯಾಕ ಅನುಕೂಲ ಆಗತೈತಿ.