ಹೈಸ್ಕೂಲ್ ಮಕ್ಕಳಿಗೆ ಬೆಳಿಗ್ಗೆ ಏಳು ಗಂಟೆಗೇ ಸ್ಪೆಷಲ್ ಕ್ಲಾಸ್ ಬೇಡ

ಮಾನ್ಯ ಸಂಪಾದಕರೇ,

ನನ್ನ ಮಗಳು ಹತ್ತನೇ ಕ್ಲಾಸು. ಬೆಳಿಗ್ಗೆ ಏಳಕ್ಕೇ ಸ್ಪೆಷಲ್ ಕ್ಲಾಸ್, ಐದೂವರೆಗೆ ಎಬ್ಬಿಸಬೇಕು. ಮೊನ್ನೆ ಒಂದು ಕಾಲಿಗೆ ಸಾಕ್ಸ್ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಗೋಡೆಗೊರಗಿ ಕೂತಲ್ಲೇ ನಿದ್ದೆ ಹೋಗಿದ್ದಳು. ಪಕ್ಕದಲ್ಲಿಟ್ಟ ಹಾಲು ಆರಿ ಕೆನೆ ಕಟ್ಟಿತ್ತು. ರಾತ್ರಿ ಬೇಗ ಮಲಗೋಕೇನು ಅಂತ ಬೈದೆ. "ಹತ್ತಕ್ಕೇ ಮಲಗಿದ್ದೆ ಅಮ್ಮಾ, ನಿದ್ದೆನೇ ಬರಲಿಲ್ಲ" ಅಂದಳು. ನಾನು ನಂಬಲಿಲ್ಲ. ಅವಳು ಹೇಳಿದ್ದು ನಿಜ ಅಂತ ಆಮೇಲೆ ಓದಿ ತಿಳಿದುಕೊಂಡೆ.

ಅವಳು ದೊಡ್ಡವಳಾದಾಗ ಚಿಗಳಿ, ಕೊಬ್ಬರಿ ಬೆಲ್ಲ ಕೊಟ್ಟು ಆರತಿ ಮಾಡಿದೆವು. ಮೈಗೆ ಬೇಕಾದ್ದೆಲ್ಲ ಮಾಡಿದೆವು. ಅದೇ ಹೊತ್ತಲ್ಲಿ ತಲೆಯೊಳಗೆ ಏನಾಗುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಹರೆಯ ಶುರುವಾಗುವುದೇ ಮಿದುಳಿನಿಂದ. ಹೈಪೋಥಲಾಮಸ್ ಅನ್ನೋ ಪುಟ್ಟ ಭಾಗ ಸೂಚನೆ ಕೊಟ್ಟ ಮೇಲೆಯೇ ಹಾರ್ಮೋನುಗಳು ಏಳುತ್ತವೆ, ಆ ಹಾರ್ಮೋನುಗಳು ತಿರುಗಿ ಮಿದುಳನ್ನೂ ಬದಲಿಸುತ್ತವೆ. ಈ ವಯಸ್ಸಿನಲ್ಲೇ ದೇಹದ ಗಡಿಯಾರವೂ ತಡವಾಗುತ್ತದೆ. ಕತ್ತಲಾದ ಮೇಲೆ ನಿದ್ದೆಗೆ ಸಜ್ಜು ಮಾಡುವ ಮೆಲಟೋನಿನ್ ಮೊದಲಿಗಿಂತ ತಡವಾಗಿ, ಕೆಲವರಲ್ಲಿ ಎರಡು ಗಂಟೆಯಷ್ಟು ತಡವಾಗಿ ಏರುತ್ತದೆ. ಹನ್ನೊಂದಕ್ಕೆ ಮುಂಚೆ ಕಣ್ಣು ಹತ್ತುವುದೇ ಕಷ್ಟ. ಮೊಬೈಲ್ ಬೆಳಕು ಇದನ್ನು ಜಾಸ್ತಿ ಮಾಡುತ್ತೆ, ಒಪ್ಪುತ್ತೇನೆ, ಆದರೆ ಮೊಬೈಲ್ ಕಿತ್ತಿಟ್ಟ ಮಾತ್ರಕ್ಕೆ ಹರೆಯ ಹಿಂದೆ ಹೋಗೋದಿಲ್ಲ ಅಲ್ವಾ?

ಈ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನನ್ನ ಮಗಳಿಗೆ ಆರೂವರೆ ಗಂಟೆ ಸಿಕ್ಕರೆ ಹೆಚ್ಚು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ. ಸಿಟ್ಟು ತಡೆಯುವ, ಮುಂದಾಲೋಚನೆ ಮಾಡುವ ಹಣೆ ಹಿಂದಿನ ಭಾಗ ಪೂರ್ತಿ ಮಾಗಲು 25ರ ಆಸುಪಾಸು ಆಗಬೇಕು, ನಿದ್ದೆಗೆಟ್ಟರೆ ಮೊದಲು ಸೋಲುವುದೂ ಅದೇ. ಸಣ್ಣ ಮಾತಿಗೂ ಅವಳು ಸಿಡಿಯೋದು ಯಾಕೆ ಅಂತ ನನಗೀಗ ಅರ್ಥವಾಗುತ್ತಿದೆ.

ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಈ ವಯಸ್ಸಿನವರ ಶಾಲೆ ಎಂಟೂವರೆಗೆ ಮುಂಚೆ ಶುರುವಾಗಬಾರದು ಅಂದಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲುಗಳಿಗೆ ಅದೇ ಕಾನೂನು. ಸಿಯಾಟಲ್ ಶಾಲೆಗಳು ಸಮಯ ಮುಂದೂಡಿದಾಗ ಮಕ್ಕಳ ನಿದ್ದೆ ದಿನಕ್ಕೆ 34 ನಿಮಿಷ ಹೆಚ್ಚಿತು. ಲೇಟಾಗಿ ಏಳಬಹುದು ಅಂತ ಅವರು ಇನ್ನೂ ಲೇಟಾಗಿ ಮಲಗಲಿಲ್ಲ.

ನಮ್ಮ ಶಿಕ್ಷಕರು ಮಕ್ಕಳ ಮೇಲಿನ ಕಾಳಜಿಯಿಂದಲೇ ಅಷ್ಟು ಬೇಗ ಬರುತ್ತಾರೆ, ಅವರ ಮೇಲೆ ದೂರಿಲ್ಲ. ಆ ಒಂದು ಗಂಟೆಯನ್ನು ಸಂಜೆ ಶಾಲೆ ಬಿಟ್ಟ ಮೇಲೆ ತೆಗೆದುಕೊಳ್ಳಲಿ. ಹಳ್ಳಿಗೆ ಬಸ್ ಹಿಡಿಯುವ ಮಕ್ಕಳಿಗೆ ಸಂಜೆ ಆಗದಿದ್ದರೆ ಶನಿವಾರ ಮಧ್ಯಾಹ್ನ ಇದೆ. ಶಿಕ್ಷಣ ಇಲಾಖೆ ಈ ಬಗ್ಗೆ ಒಂದು ಸುತ್ತೋಲೆ ಹೊರಡಿಸಲಿ.

– ಒಬ್ಬ ತಾಯಿ, ಮಂಡ್ಯ