ಭಾನುವಾರ ಬೋರ್‌ವೆಲ್ ನೀರಿನ ಮಾದರಿ ಸಂಗ್ರಹ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಬೆಳಿಗ್ಗೆ 6 ಗಂಟೆಯಿಂದ ಕೋಲಾರದ ಅಂತರಗಂಗೆ ಬೆಟ್ಟದ ತಪ್ಪಲಿನ ನಮ್ಮ ಊರುಗಳ ಬೋರ್‌ವೆಲ್‌ಗಳಲ್ಲಿ ನೀರಿನ ಮಟ್ಟ ಅಳೆದು, ಫ್ಲೋರೈಡ್ ಪರೀಕ್ಷೆಗೆ ಮಾದರಿ ತೆಗೆಯುತ್ತೇವೆ. ಬೋರ್‌ವೆಲ್ ಇರುವ ಸದಸ್ಯರೆಲ್ಲರೂ ದಯವಿಟ್ಟು ಸಹಕರಿಸಿ.

ಶನಿವಾರ ರಾತ್ರಿ ಮೋಟಾರ್ ಹಾಕಲೇಬೇಡಿ. ರಾತ್ರಿಯಿಡೀ ನಿಂತ ನೀರಿನ ಮಟ್ಟವೇ ಸರಿಯಾದ ಲೆಕ್ಕ ಕೊಡುವುದು. ನಾವು ಅಳೆದಾದ ಮೇಲೆ ಹತ್ತು ನಿಮಿಷ ಮೋಟಾರ್ ಓಡಿಸಿ, ಪೈಪಿನಲ್ಲಿದ್ದ ಹಳೆ ನೀರು ಹೋದ ನಂತರ ಬಾಟಲಿ ತುಂಬಿಸೋಣ. ಪ್ಲಾಸ್ಟಿಕ್ ಬಾಟಲಿಯೇ ಇರಲಿ, ಗಾಜಿನದು ಬೇಡ. ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತದೆ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಊರು, ಬೋರ್‌ವೆಲ್ ಆಳ, ತಾರೀಕು ಬರೆದು ಅಂಟಿಸಿ.

ಕೆಲವರು ಕೇಳಿದ್ದರು: 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆಯಲ್ಲ, ಇನ್ನೂ ಪರೀಕ್ಷೆ ಯಾಕೆ ಅಂತ. ಕೆರೆ ತುಂಬಿ ಬೋರ್‌ವೆಲ್ ನೀರಿನ ಮಟ್ಟ ಏರಿದರೆ ಸಂತೋಷವೇ, ಆದರೆ ಗುಣಮಟ್ಟ ಬೇರೆ ವಿಷಯ. ನಮ್ಮದು ಗ್ರಾನೈಟ್, ನೈಸ್ (gneiss) ಎಂಬ ಗಟ್ಟಿ ಬಂಡೆಗಳ ನೆಲ. ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಕಲ್ಲಿನ ಖನಿಜಗಳಿಂದಲೇ ಫ್ಲೋರೈಡ್ ಸೇರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದಾಗಲೂ 1.5 ದಾಟಬಾರದು. ಬಣ್ಣ, ರುಚಿಯಿಂದ ಇದು ಗೊತ್ತಾಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಸಾಂದ್ರತೆ ಇನ್ನಷ್ಟು ಹೆಚ್ಚುತ್ತದೆ. ಫ್ಲೋರೈಡ್ ಹೆಚ್ಚಾದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಬರಬಹುದು; ಅಂಥ ಕಲೆ ಕಂಡಿರುವ ಮನೆಗಳವರು ತಪ್ಪದೆ ಮಾದರಿ ಕೊಡಿ, ಇದು ನನ್ನ ವಿಶೇಷ ವಿನಂತಿ.

ಬರುವವರು ಶುಕ್ರವಾರ ಸಂಜೆಯೊಳಗೆ ಊರಿನ ಹೆಸರು, ಬೋರ್‌ವೆಲ್ ಆಳ ಇಲ್ಲೇ ಹಾಕಿ. ಉದ್ದದ ಅಳತೆ ಟೇಪ್ ಇದ್ದವರು ತಿಳಿಸಿ, ಇನ್ನೊಂದು ಬೇಕಾಗಿದೆ.