ಕೂಲಂಟ್ ತುಂಬಿಸೋದು ಬೇರೆ, ಬದಲಾಯಿಸೋದು ಬೇರೆ

ಸಂಪಾದಕರಿಗೆ ನಮಸ್ಕಾರ,

ನಾನು ಕೋಲಾರದ ಕಡೆಯವನು, ಹದಿನಾಲ್ಕು ವರ್ಷದಿಂದ ಹಳದಿ ಬೋರ್ಡ್ ಗಾಡಿ ಇಟ್ಕೊಂಡು ಬಾಡಿಗೆ ಓಡಿಸ್ತಾ ಇದೀನಿ. ಬೇಸಿಗೆ ರಜೆ ಬಂತು ಅಂದ್ರೆ ಧರ್ಮಸ್ಥಳ, ಸುಬ್ರಹ್ಮಣ್ಯ ಟ್ರಿಪ್ಪುಗಳು ಶುರು, ಘಾಟಿ ರಸ್ತೆ ಪಕ್ಕದಲ್ಲಿ ಬಾನೆಟ್ ಎತ್ತಿ ಹೊಗೆ ಆಡ್ತಾ ನಿಂತಿರೋ ಗಾಡಿಗಳೂ ಶುರು. ಪಕ್ಕದಲ್ಲಿ ಮಕ್ಕಳು, ವಯಸ್ಸಾದವರು ಬಿಸಿಲಲ್ಲಿ ಕೂತಿರೋದು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಇಂಜಿನ್ ತಣ್ಣಗಿಡೋ ದ್ರವ, ಅಂದ್ರೆ ಕೂಲಂಟನ್ನ, ಹೊತ್ತಿಗೆ ಸರಿಯಾಗಿ ಬದಲಾಯಿಸಿದ್ರೆ ಬಹಳಷ್ಟು ಸಲ ಇದು ತಪ್ಪಿಸಬಹುದಾದ ತೊಂದರೆ.

ಎರಡು ವರ್ಷದ ಹಿಂದೆ ಏಪ್ರಿಲ್ ತಿಂಗಳಲ್ಲಿ ನಾನೂ ಹಂಗೇ ನಿಂತಿದ್ದೆ. ಸುಬ್ರಹ್ಮಣ್ಯದಲ್ಲಿ ದರ್ಶನ ಮುಗಿಸ್ಕೊಂಡು ಗುಂಡ್ಯಕ್ಕೆ ಬಂದು ಶಿರಾಡಿ ಘಾಟಿ ಹತ್ತೋಕೆ ಶುರು ಮಾಡಿದ್ವಿ, ಗಾಡಿಲಿ ಏಳು ಜನ, ಮೇಲೆ ಲಗೇಜು, ಎಸಿ ಫುಲ್ಲು, ಮುಂದೆ ಸಾಲಾಗಿ ಲಾರಿಗಳು, ಫಸ್ಟು ಸೆಕೆಂಡು ಬಿಟ್ರೆ ಥರ್ಡ್ ಗೇರ್ ಹಾಕೋಕೇ ಆಗ್ತಿರಲಿಲ್ಲ. ಯಾವಾಗ್ಲೂ ಮಧ್ಯದಲ್ಲೇ ನಿಲ್ಲೋ ಟೆಂಪರೇಚರ್ ಮುಳ್ಳು ಮೆಲ್ಲಗೆ ಮೇಲಕ್ಕೆ ಹೋಯ್ತು, ಎಸಿ ಆಫ್ ಮಾಡಿ, ಇಂಜಿನ್ ಬಿಸಿ ಒಂಚೂರು ಎಳ್ಕೊಳ್ಳಲಿ ಅಂತ ಹೀಟರ್ ಹಾಕ್ದೆ, ಒಂಚೂರು ಇಳೀತು, ಆಮೇಲೆ ಒಂದೇ ಸಲ ಕೆಂಪು ಗೆರೆಗೆ ಹೋಯ್ತು. ಬೆಲ್ಲದ ಪಾಕ ಕಾಯ್ಸಿದಂಗೆ ಸಿಹಿ ವಾಸನೆ, ಬಾನೆಟ್ ಸಂದಿಯಿಂದ ಆವಿ. ಬಂದಿದ್ದವರಲ್ಲಿ ಒಬ್ರು ಸಹಾಯ ಮಾಡೋಣ ಅಂತ ಬಟ್ಟೆ ಸುತ್ತಿ ರೇಡಿಯೇಟರ್ (ಕೂಲಂಟ್ ಬಿಸಿ ಆರಿಸೋ ಜಾಲರಿ) ಕ್ಯಾಪ್ ತಿರುಗಿಸೋಕೆ ಹೋದ್ರು, ಕೈ ಹಿಡಿದು ಎಳ್ಕೊಂಡೆ. ಬಿಸಿ ಇರೋವಾಗ ಆ ಕ್ಯಾಪ್ ತೆಗೆದ್ರೆ ಕುದಿಯೋ ನೀರು ಮುಖಕ್ಕೇ ಚಿಮ್ಮುತ್ತೆ, ದಯವಿಟ್ಟು ಯಾರೂ ಹಂಗೆ ಮಾಡ್ಬೇಡಿ.

ಒಂದು ಗಂಟೆ ಮೇಲೆ ಆರಿದ ನಂತರ ತೆಗೆದು ನೋಡಿದ್ರೆ ಹಸಿರಿಗೆ ಇರಬೇಕಾದ ಕೂಲಂಟ್ ಕಾಫಿ ಡಿಕಾಕ್ಷನ್ ಥರ ಆಗಿತ್ತು, ಕ್ಯಾಪ್ ಒಳಗೆ ಬೆರಳು ಆಡಿಸಿದ್ರೆ ಕೆಮ್ಮಣ್ಣು ಹಿಡಿದಂಗೆ ತುಕ್ಕಿನ ಕೆಸರು. ಸಕಲೇಶಪುರಕ್ಕೆ ಎಳೆಸ್ಕೊಂಡು ಹೋಗಿ ಬಿಚ್ಚಿಸಿದ್ವಿ. ನಮ್ಮ ಮನೇಲಿ ಬೋರ್ ನೀರು ಕಾಯ್ಸೋ ಕಾಯಿಲ್ ಮೇಲೆ ವರ್ಷದೊಳಗೆ ಬಿಳೀ ಸುಣ್ಣದ ಕಲ್ಲು ಕಟ್ಟುತ್ತಲ್ಲ, ರೇಡಿಯೇಟರ್ ಕೊಳವೆಗಳ ಒಳಗೂ ಅದೇ. ಇಂಜಿನ್ ಮೇಲ್ಭಾಗದ ಹೆಡ್ ಬೆಂಡ್ ಆಗಿತ್ತು, ಅದರ ಕೆಳಗೆ ಸೋರದಂಗೆ ತಡೆಯೋ ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಆಯಿಲ್ ಗೆ ನೀರು ಸೇರಿ ಹಾಲು ಹಾಕಿದ ಟೀ ಥರ ಆಗಿತ್ತು. 41,000 ರೂಪಾಯಿ ಖರ್ಚು, ಹತ್ತು ದಿನ ಬಾಡಿಗೆ ಇಲ್ಲ.

ಮನೆಗೆ ಬಂದು ಹಳೇ ಸರ್ವಿಸ್ ಬಿಲ್ಲೆಲ್ಲ ಹುಡುಕಿ ತೆಗೆದೆ. ಪ್ರತಿ ಬಿಲ್ಲಲ್ಲೂ ಕೂಲಂಟ್ ಅಂತ ಒಂದು ಸಾಲು ಇದೆ, ಅದನ್ನ ನೋಡಿ ಬದಲಾಯಿಸಿದ್ದಾರೆ ಅಂತಲೇ ಇಷ್ಟು ವರ್ಷ ನಂಬಿದ್ದೆ. ಪಕ್ಕದಲ್ಲಿ ಬರೆದಿರೋದು 200 ಎಂಎಲ್, 300 ಎಂಎಲ್, ಅಂದ್ರೆ ಬರೀ ಟಾಪ್ ಅಪ್, ಕಮ್ಮಿಯಾದಷ್ಟು ಮೇಲಿಂದ ತುಂಬಿಸಿದ್ದು. ಆರು ವರ್ಷ ಒಂದ್ಸಲನೂ ಹಳೇದನ್ನ ಪೂರ್ತಿ ಇಳಿಸಿಲ್ಲ. ನಡುನಡುವೆ ಬಂಕಲ್ಲಿ ನಿಲ್ಸಿದಾಗ ಬೋರ್ ನೀರು ಸುರಿದಿದ್ದು ನಾನೇ, ಆ ತಪ್ಪು ನನ್ನದು.

ನಮ್ಮ ಕಡೆ ಬಹಳ ಜನ ಹೇಳೋದು, ನಮ್ಮೂರಲ್ಲೇನು ಹಿಮ ಬೀಳುತ್ತಾ, ಕೂಲಂಟ್ ಯಾಕೆ, ನೀರು ಸಾಕು ಅಂತ. ಹೆಪ್ಪುಗಟ್ಟದಂಗೆ ನೋಡ್ಕೊಳ್ಳೋದು ಅದರ ಒಂದು ಕೆಲಸ ಅಷ್ಟೇ, ನಮಗೆ ಬೇಕಾಗಿರೋದು ಇನ್ನೆರಡು. ಬರೀ ನೀರು 100 ಡಿಗ್ರಿಗೆ ಕುದಿಯುತ್ತೆ, ಎಥಿಲೀನ್ ಗ್ಲೈಕಾಲ್ ಇರೋ ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ (ಸುಣ್ಣ, ಉಪ್ಪು ಇಲ್ಲದ ಶುದ್ಧ ನೀರು) ಅರ್ಧ ಸೇರಿಸಿದ್ರೆ ಅದು ಇನ್ನೂ ಮೇಲೆ ಹೋಗುತ್ತೆ, ಕ್ಯಾಪ್ ಒಳಗೆ ಹಿಡಿದಿಡೋ ಒತ್ತಡ ಸೇರಿದ್ರೆ 120 ಡಿಗ್ರಿ ದಾಟಿದರೂ ಕುದಿಯಲ್ಲ. ಘಾಟಿ ಹತ್ತೋವಾಗ ಗಾಡಿನ ಕಾಪಾಡೋದು ಅದೇ. ಇನ್ನೊಂದು, ಅದರಲ್ಲಿ ತುಕ್ಕು ತಡೆಯೋ ಕೆಮಿಕಲ್ ಇರುತ್ತೆ, ಅಲ್ಯೂಮಿನಿಯಂ ಹೆಡ್ಡು, ರೇಡಿಯೇಟರ್, ವಾಟರ್ ಪಂಪ್ ಎಲ್ಲ ಅದರ ಭರವಸೆಲೇ ಇರೋದು. ಗ್ಲೈಕಾಲ್ ಅಷ್ಟು ಬೇಗ ಹಾಳಾಗಲ್ಲ, ಆದ್ರೆ ಈ ಕೆಮಿಕಲ್ ಓಡ್ತಾ ಓಡ್ತಾ ಸವೆದು ಹೋಗುತ್ತೆ, ಆಮೇಲೆ ಅದೇ ಕೂಲಂಟ್ ಹುಳಿಯಾಗಿ ಲೋಹ ತಿನ್ನೋಕೆ ಶುರು ಮಾಡುತ್ತೆ. ಬಾನೆಟ್ ಒಳಗಿನ ಕೂಲಂಟ್ ಡಬ್ಬಿಲಿ ಲೆವೆಲ್ ಮಾತ್ರ ಸರಿಯಾಗೇ ಕಾಣುತ್ತೆ, ನಾನು ಮೋಸ ಹೋಗಿದ್ದು ಅಲ್ಲೇ.

ಯಾವಾಗ ಬದಲಾಯಿಸಬೇಕು ಅನ್ನೋದು ಗಾಡಿ ಜೊತೆ ಬರೋ ಪುಸ್ತಕದಲ್ಲೇ ಇರುತ್ತೆ. ಹಳೇ ಥರದ ಕೂಲಂಟ್ ಆದ್ರೆ ಸುಮಾರು 2 ವರ್ಷ ಇಲ್ಲ 40,000 ಕಿಲೋಮೀಟರ್, ಲಾಂಗ್ ಲೈಫ್ ಅನ್ನೋದು ಸಾಮಾನ್ಯವಾಗಿ 5 ವರ್ಷ ಬರುತ್ತೆ, ಮೊದಲು ಯಾವ ಲೆಕ್ಕ ಮುಗಿಯುತ್ತೋ ಅದು. ಕಡಿಮೆ ಓಡಿಸ್ತೀನಿ, ಮನೆ ಮುಂದೆ ನಿಂತಿರುತ್ತೆ ಅನ್ನೋರಿಗೂ ವರ್ಷದ ಲೆಕ್ಕ ತಪ್ಪಲ್ಲ. ಬಣ್ಣ ನೋಡಿ ಯಾವುದಕ್ಕೆ ಯಾವುದೋ ಸೇರಿಸ್ಬೇಡಿ, ಹಸಿರು ಗುಲಾಬಿ ಅನ್ನೋದು ಕಂಪನಿಯವರು ಹಾಕೋ ಬಣ್ಣ, ಒಳಗಿನ ಕೆಮಿಕಲ್ ಬೇರೆನೇ ಇರಬಹುದು. ನೀರು ಬೆರೆಸಬೇಕಾದ ಕೂಲಂಟನ್ನ ಹಂಗಂಗೇ ಸುರಿಯೋದೂ ತಪ್ಪು, ನೀರಿನಷ್ಟು ಚೆನ್ನಾಗಿ ಅದು ಶಾಖ ಎಳೆಯಲ್ಲ. ದಾರಿಲಿ ಕೂಲಂಟ್ ಕಮ್ಮಿಯಾಗಿ ಗತಿ ಇಲ್ಲ ಅಂದ್ರೆ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಇರೋ ನೀರು ಹಾಕ್ಕೊಳ್ಳಿ, ಊರಿಗೆ ಬಂದು ಪೂರ್ತಿ ಇಳಿಸಿ ಹೊಸದು ಹಾಕ್ಸಿ. ಇಳಿಸಿದ್ದನ್ನ ಚರಂಡಿಗೆ, ರಸ್ತೆಗೆ ಚೆಲ್ಲಬೇಡಿ, ಸಿಹಿ ಇರುತ್ತೆ ಅಂತ ನಾಯಿಗಳು ನೆಕ್ಕಿ ಸಾಯ್ತವೆ, ಅದು ವಿಷ.

ಸರ್ವಿಸ್ ಸೆಂಟರ್ ನವರಲ್ಲಿ ನನ್ನ ವಿನಂತಿ, ಬಿಲ್ಲಲ್ಲಿ ಟಾಪ್ ಅಪ್ ಮಾಡಿದ್ರೆ ಟಾಪ್ ಅಪ್ ಅಂತ, ಬದಲಾಯಿಸಿದ್ರೆ ಬದಲಾಯಿಸಿದ್ದು ಅಂತ ಕನ್ನಡದಲ್ಲಿ ಬರೀರಿ, ಮುಂದಿನ ತಾರೀಖೂ ಹಾಕಿ. ಬಂಕ್ ನವರು ಗಾಳಿ ಹಿಡಿಯೋ ಜಾಗದಲ್ಲಿ ಒಂದು ಕ್ಯಾನ್ ಡಿಸ್ಟಿಲ್ಡ್ ವಾಟರ್ ದುಡ್ಡಿಗಾದ್ರೂ ಇಡಿ. ಡ್ರೈವಿಂಗ್ ಸ್ಕೂಲ್ ನವರು ಕ್ಲಚ್ಚು ಬ್ರೇಕು ಕಲಿಸೋ ಜೊತೆಗೆ ಒಂದು ದಿನ ಬಾನೆಟ್ ಎತ್ತಿ ಈ ಡಬ್ಬಿನೂ ತೋರಿಸಿ.

ಇಂತಿ,
ಒಬ್ಬ ಟ್ಯಾಕ್ಸಿ ಚಾಲಕ, ಕೋಲಾರ